ಡ್ರಮ್ಮಿನ ನೀರು, ದೊಡ್ಡಾಯಿಯ ಕಾಗದ

ಕೂಸೇ,

ನಿನ್ನ ಕಾಗದ ಬುಧವಾರ ಸಿಕ್ಕಿತು. ಮನೆ ಸುದ್ದಿ, ತೋಟದ ಸುದ್ದಿ ಎಲ್ಲ ನಿನ್ನ ಅಪ್ಪ ಹೇಳಿರುತ್ತಾನೆ, ಅದನ್ನೇ ಮತ್ತೆ ಬರೆಯುವುದಿಲ್ಲ. ಫೋನಿನಲ್ಲಿ ಹೇಳಲು ಹೋದರೆ ನೀನು "ಆಯ್ತು ದೊಡ್ಡಾಯಿ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾಲ್ಕು ಪುಟದಲ್ಲಿ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. ಮಳೆನೀರಿನ ಡ್ರಮ್ಮಿನಲ್ಲಿ ಸೊಳ್ಳೆಯ ಹುಳ ವಿಲವಿಲ ಅನ್ನುತ್ತಿವೆ, "ನಾಳೆ ಮಗುವಿಗೆ ಜ್ವರ ಬಂದರೆ ಅದನ್ನು ನಾನೇ ಸಾಕಿದ ಹಾಗಾಯಿತು ಅಲ್ವಾ" ಅಂತ ಬರೆದಿದ್ದೀಯ. ಸಾಕಿದ್ದು. ಆ ಮಾತು ನಿನಗೆ ಎಲ್ಲಿಂದ ಸಿಕ್ಕಿತೋ. ಎರಡು ರಾತ್ರಿ ಅದೇ ತಲೆಯಲ್ಲಿ ಸುತ್ತಿತು.

ಕಾರವಾರದಲ್ಲಿ ಮಳೆನೀರು ಹಿಡಿದಿಡುತ್ತೇನೆ ಅಂದಾಗ ನಾನು ನಕ್ಕಿದ್ದೆ, ನೆನಪಿದೆಯಾ? ಆಟಿ ತಿಂಗಳಲ್ಲಿ ಆಕಾಶವೇ ತೂತಾದ ಹಾಗೆ ಸುರಿಯುವ ಊರು. ಆದರೆ ಬೇಸಿಗೆಗೆ ನಿಮ್ಮ ಬಾವಿ ಉಪ್ಪಾಗುತ್ತದೆ, ಉಪ್ಪುನೀರಿಗೆ ಮಲ್ಲಿಗೆ ಸುಟ್ಟುಹೋಗುತ್ತದೆ ಅಂತ ನೀನು ಅಂದೆ. ನಾನು ಸುಮ್ಮನಾದೆ. ನಿನ್ನ ಡ್ರಮ್ಮಿನ 1000 ಲೀಟರ್ ಅಂದರೆ ದಿನಕ್ಕೆ 20 ಲೀಟರಿನ ಹಾಗೆ 50 ದಿನ. ಕಡಿಮೆಯಲ್ಲ. ಡ್ರಮ್ ಎತ್ತಿ ಎಸೆಯಲಾ ಅಂತ ಕೇಳಿದ್ದೀಯ. ಬೇಡ. ಮೊದಲು ನನ್ನ ಕಥೆ ಕೇಳು, ಆಮೇಲೆ ನಿನ್ನಿಷ್ಟ.

ನಮ್ಮ ಮನೆ ಮಾಡಿನ ಕೆಳಗೆ ದೊಡ್ಡ ತಾಮ್ರದ ಹಂಡೆ ಇತ್ತಲ್ಲ, ಈಗ ಅಟ್ಟದಲ್ಲಿದೆ. ಅಡಿಕೆ ದಬ್ಬೆಯ ದೋಣಿ ಕಟ್ಟಿ ಹಂಚಿನ ನೀರು ಅದಕ್ಕೆ ಬೀಳಿಸುತ್ತಿದ್ದೆ. ಆ ನೀರಿನ ಮೇಲೆ ನನಗೆ ಏನು ಹೆಮ್ಮೆ! ಬಂದವರಿಗೆಲ್ಲ ತೋರಿಸುತ್ತಿದ್ದೆ. ಒಂದು ಮಳೆಗಾಲ ಆಶಾ ಕಾರ್ಯಕರ್ತೆ ಬಂದಳು. ಸಣ್ಣ ಟಾರ್ಚಿನ ಬೆಳಕು ಹಂಡೆಯೊಳಗೆ ಬಿಟ್ಟಳು. ನೆರಳು ಬಿದ್ದದ್ದೇ ಹುಳವೆಲ್ಲ ತಳಕ್ಕೆ ಇಳಿದವು. "ಅಮ್ಮಾ, ಇದನ್ನು ಚೆಲ್ಲಬೇಕು, ಇದು ಡೆಂಗಿ ಸೊಳ್ಳೆಯದ್ದು" ಅಂದಳು. ನನಗೆ ಸಿಟ್ಟು ಬಂತು. ನಮ್ಮ ಮನೆ ಕೊಳಕು ಅಂದ ಹಾಗೆ ಕೇಳಿಸಿತು. ಕೊಳಕು ನೀರಲ್ಲಿ ಸೊಳ್ಳೆ ಆಗುವುದು, ಇದು ಕನ್ನಡಿಯಂಥ ನೀರು ಅಂತ ವಾದ ಮಾಡಿದೆ. ಆ ಸೊಳ್ಳೆಗೆ ಬೇಕಾದದ್ದೇ ಚೊಕ್ಕ ನೀರು ಅಂತ ಆಗ ಗೊತ್ತಿರಲಿಲ್ಲ. ಪಾಪ, ಮಳೆಯಲ್ಲಿ ನೆನೆದು ಬಂದವಳು. ಒಂದು ಲೋಟ ಕಷಾಯ ಕೂಡ ಕೊಡದೆ ಕಳಿಸಿದೆ.

ಹದಿನೈದು ದಿನಕ್ಕೆ ಪಕ್ಕದ ಮನೆಯ ಹುಡುಗಿಗೆ ಡೆಂಗಿ. ಆರನೇ ಕ್ಲಾಸಿನಲ್ಲಿದ್ದಳು. ದಿನಾ ಶಾಲೆ ಬಿಟ್ಟ ಮೇಲೆ ನಮ್ಮ ಜಗುಲಿಗೆ ಬಂದು ಆಡುವವಳು. 6 ದಿನ ಆಸ್ಪತ್ರೆ, ಪ್ಲೇಟ್‌ಲೆಟ್ ಇಳಿಯಿತು ಅಂತ ಅವಳ ಆಯಿ ಅಳುತ್ತಿದ್ದದ್ದು ನಮ್ಮ ಅಡಿಗೆಮನೆಗೆ ಕೇಳುತ್ತಿತ್ತು. ಹುಡುಗಿ ಗುಣವಾದಳು. ನಾನು ಮಾತ್ರ ರಾತ್ರೋರಾತ್ರಿ ಹಂಡೆ ಬೋರಲು ಹಾಕಿದೆ. ಯಾರಿಗೂ ಹೇಳಲಿಲ್ಲ, ನಿನ್ನ ದೊಡ್ಡಪ್ಪನಿಗೂ.

ಹಾಗಾಗಿ ನಿನ್ನ ಸಾಲು ಓದಿದಾಗ ನನ್ನದೇ ಅಕ್ಷರ ಅನಿಸಿತು.

ಆದರೆ ಕೂಸೇ, ಹುಳ ಹುಟ್ಟುವಾಗ ಸಾಮಾನ್ಯವಾಗಿ ಅದರಲ್ಲಿ ಜ್ವರ ಇರುವುದಿಲ್ಲ. ಸೊಳ್ಳೆ ಮೊದಲು ಜ್ವರದವರನ್ನು ಕಚ್ಚಬೇಕು, ಆಮೇಲೆ ಅದರ ಮೈಯಲ್ಲಿ ರೋಗಾಣು ಬೆಳೆಯಲು ವಾರ, ಹತ್ತು ದಿನ ಬೇಕು, ಆಮೇಲೆ ಇನ್ನೊಬ್ಬರನ್ನು ಕಚ್ಚಬೇಕು. ಡ್ರಮ್ಮಿನಲ್ಲಿ ಹುಳ ಕಂಡ ದಿನವೇ ನೀನು ಅಪರಾಧಿಯಾಗುವುದಿಲ್ಲ. ಹುಳ ಕಂಡೂ ವಾದ ಮಾಡಿದವಳು ನಾನು. ನೀನು ಕಂಡು ಹೆದರಿದೆ. ಎರಡೂ ಒಂದೇ ಅಲ್ಲ.

ಮತ್ತೆ, ತಳದಲ್ಲಿ ಕೆಂಪಗೆ ದಾರದ ಹಾಗೆ ಇವೆ ಅಂದೆಯಲ್ಲ, ಅವು ಈ ಸೊಳ್ಳೆಯದ್ದಲ್ಲ. ಕಚ್ಚದ ಬೇರೆ ನೊಣದ ಮರಿಗಳು ಇರಬೇಕು. ಅವುಗಳ ಚಿಂತೆ ಬಿಡು. ಮೇಲೆ ಬಂದು ತಲೆಕೆಳಗಾಗಿ ನೇತಾಡಿ ಬಾಲದಿಂದ ಉಸಿರಾಡುವವು ಇವೆಯಲ್ಲ, ನೋಡಬೇಕಾದದ್ದು ಅವನ್ನು. ಮೊಟ್ಟೆಯಿಂದ ಸೊಳ್ಳೆಯಾಗಲು ಅವಕ್ಕೆ ಸುಮಾರು 7ರಿಂದ 10 ದಿನ ಸಾಕು.

ಏನು ಮಾಡಬೇಕು ಅಂತ ಹೇಳಲು ನನಗೆ ಅಷ್ಟು ಧೈರ್ಯ ಇಲ್ಲ. ಮಾಡಬೇಕಾದಾಗ ಮಾಡದವಳು ನಾನು. ಆದರೂ ಬಾಯಿ ಮುಚ್ಚಿ ಕೂರಲು ಆಗುವುದಿಲ್ಲ. ಡ್ರಮ್ಮಿನ ಬಾಯಿಗೆ ಬಲೆ ಕಟ್ಟು, ಕಿಟಕಿಗೆ ಹಾಕುವ ಸಣ್ಣ ಕಣ್ಣಿನದ್ದು. ಬಿಗಿಯಾಗಿ ಕಟ್ಟು, ಜೋತು ಬಿದ್ದರೆ ಅದರ ಮೇಲೆಯೇ ನೀರು ನಿಂತು ಅಲ್ಲೇ ಸಂಸಾರ ಶುರು ಮಾಡುತ್ತವೆ. ಹೆಚ್ಚಾದ ನೀರು ಹೋಗುವ ಪೈಪಿನ ಬಾಯಿ ಎಲ್ಲರೂ ಮರೆಯುವ ಜಾಗ, ಅದಕ್ಕೂ ಒಂದು ತುಂಡು. ಸೀಮೆಎಣ್ಣೆ ಹಾಕಲಾ ಅಂದಿದ್ದೀಯ. ಗಿಡಕ್ಕೆ ಹೋಗುವ ನೀರಿಗೆ ಬೇಡ.

ಇದ್ದ ಹುಳಕ್ಕೆ ನಮ್ಮ ಮನೆ ಹುಡುಗ ಮಾಣಿ ನನಗೊಂದು ಪುಡಿ ತಂದುಕೊಟ್ಟಿದ್ದ, ಬಿಟಿಐ ಅಂತ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಕೊಳದಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾವಂತೆ, ಹುಳ ಅದನ್ನು ತಿಂದು ಸಾಯುತ್ತದೆ, ಗಿಡಕ್ಕೂ ಮೀನಿಗೂ ಏನೂ ಆಗುವುದಿಲ್ಲ. ಆದರೆ ಅಲ್ಪವಿರಾಮದ ಹಾಗೆ ಮುದುಡಿ ಲಾಗ ಹಾಕುವವು ಇರುತ್ತವಲ್ಲ, ಸೊಳ್ಳೆಯಾಗುವ ಹೊತ್ತಿಗೆ ಬಂದವು, ಅವು ಏನೂ ತಿನ್ನುವುದೇ ಇಲ್ಲ. ಅವನ್ನು ಚಹಾ ಸೋಸುವ ಜರಡಿಯಲ್ಲಿ ತೆಗೆಯಬೇಕು. ಹಳೆಯ ಜರಡಿ, ಮತ್ತೆ ಅಡಿಗೆಗೆ ತರಬೇಡ. ಗಪ್ಪಿ ಮೀನು ಬಿಡುವವರೂ ಇದ್ದಾರೆ. ಬಿಟ್ಟರೆ ಡ್ರಮ್ಮಿನಲ್ಲೇ ಇರಲಿ, ಕಾಳಿ ಹೊಳೆಗೆ ಮಾತ್ರ ಚೆಲ್ಲಬೇಡ, ಅಲ್ಲಿನ ಮರಿಮೀನಿಗೆ ತೊಂದರೆ. ಹುಳ ಇರುವ ನೀರನ್ನು ಗಿಡದ ಬುಡಕ್ಕೇ ಹಾಕು. ಒಣ ಮಣ್ಣಿಗೆ ಬಿದ್ದರೆ ಅವು ಬದುಕುವುದಿಲ್ಲ.

ಬೇಸಿಗೆಗೆ ಡ್ರಮ್ ಬರಿದಾದಾಗ ಒಳಗೋಡೆ ತೆಂಗಿನ ನಾರಿನಲ್ಲಿ ಗಸಗಸ ತಿಕ್ಕು. ನೀರಿನ ಗೆರೆಗೆ ಮೊಟ್ಟೆ ಅಂಟಿಸಿರುತ್ತವೆ. ಒಣಗಿ ತಿಂಗಳುಗಟ್ಟಲೆ ಇದ್ದು, ಮುಂದಿನ ಮಳೆಗೆ ಮತ್ತೆ ಏಳುತ್ತವೆ. ನನ್ನ ಹಂಡೆಯಲ್ಲಿ ಹಾಗೇ ಆಯಿತು. ಬೋರಲು ಹಾಕಿ ಪಾಪ ತೊಳೆದುಕೊಂಡೆ ಅಂದುಕೊಂಡಿದ್ದೆ.

ಇನ್ನೊಂದು ಹೇಳುತ್ತೇನೆ, ನಿನ್ನ ಹೆದರಿಕೆ ಜಾಸ್ತಿ ಮಾಡಲು ಅಲ್ಲ. ಹಂಡೆ ಬೋರಲು ಹಾಕಿದ ಮರುವಾರ ಕೊಟ್ಟಿಗೆಯ ಹಿಂದೆ ಹೋದೆ. ಬಿದ್ದ ಅಡಿಕೆ ಹಾಳೆಗಳಲ್ಲಿ ಒಂದೊಂದು ಬೊಗಸೆ ನೀರು, ಒಂದೊಂದರಲ್ಲೂ ಹುಳ. ಕರಟದಲ್ಲೂ. ಅವೆಲ್ಲ ಎಷ್ಟು ದಿನದಿಂದ ಇದ್ದವೋ. ಈ ಸೊಳ್ಳೆ ಜಾಸ್ತಿ ದೂರ ಹಾರುವುದಿಲ್ಲ, ನೂರಿನ್ನೂರು ಮೀಟರ್ ಅಷ್ಟೇ. ಆ ಅಳತೆಯಲ್ಲಿ ನನ್ನ ಹಂಡೆಯೂ ಇತ್ತು, ಹಾಳೆಯೂ ಇತ್ತು, ಅವರ ಮನೆಯ ಒಡೆದ ಬಕೆಟ್ಟೂ ಇತ್ತು. ಯಾವುದರಿಂದ ಬಂತು ಅಂತ ಯಾರು ಹೇಳುತ್ತಾರೆ? ನಿನ್ನ ಮಲ್ಲಿಗೆ ಕುಂಡಗಳ ಕೆಳಗಿನ ತಟ್ಟೆ ಒಮ್ಮೆ ಎತ್ತಿ ನೋಡು. ಡ್ರಮ್ ದೊಡ್ಡದು, ಕಣ್ಣಿಗೆ ಬೀಳುತ್ತದೆ, ಬೈಸಿಕೊಳ್ಳುತ್ತದೆ.

ಮಗುವಿಗೆ ರಾತ್ರಿ ಪರದೆ ಕಟ್ಟುತ್ತೇನೆ ಅಂದಿದ್ದೀಯ. ಈ ಸೊಳ್ಳೆ ಕಚ್ಚುವುದು ಹಗಲು. ಮಧ್ಯಾಹ್ನದ ನಿದ್ದೆಗೂ ತೊಟ್ಟಿಲಿಗೆ ಪರದೆ ಇರಲಿ. ಇದೊಂದನ್ನು ನನಗೋಸ್ಕರ ಮಾಡು, ಉಳಿದದ್ದು ಬಿಟ್ಟರೂ ಪರವಾಗಿಲ್ಲ. ಜ್ವರ ಬಂದರೆ ಕಷಾಯ ಅಂತ ಕಾಯಬೇಡ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.

ಆ ಹುಡುಗಿ ಈಗ ಅಂಕೋಲೆಯಲ್ಲಿದ್ದಾಳೆ. ಹಿಂದಿನ ಮಾರಿಜಾತ್ರೆಗೆ ಬಂದವಳು ನಮ್ಮ ಮನೆಗೂ ಬಂದಿದ್ದಳು, ಕಂಕುಳಲ್ಲಿ ಮಗು. ಅಪ್ಪೆಹುಳಿ ಎರಡು ಲೋಟ ಕುಡಿದಳು. ಹೇಳಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು. "ದೊಡ್ಡಾಯಿ, ಇಲ್ಲೊಂದು ಹಂಡೆ ಇತ್ತಲ್ಲ?" ಅಂತ ಅವಳೇ ಕೇಳಿದಳು. ಅಟ್ಟಕ್ಕೆ ಹಾಕಿದ್ದೇವೆ ಅಂದೆ.

ಗುರುವಾರ ಮಾಣಿ ಕಾರವಾರಕ್ಕೆ ಬರುತ್ತಾನೆ. ಬಲೆ ಎರಡು ಮೀಟರ್ ಕೊಟ್ಟು ಕಳಿಸುತ್ತೇನೆ, ಪೈಪಿಗೂ ಸಾಕಾಗುತ್ತದೆ. ಕುಂಡದ ತಟ್ಟೆಯಲ್ಲಿ ಏನು ಕಂಡಿತು ಅಂತ ಬರೆ.

ನಿನ್ನ ದೊಡ್ಡಾಯಿ