ರಾತ್ರಿಯ ಕುಡಿತ, ಬೆಳಗಿನ ಸ್ಟಿಯರಿಂಗ್

ಮಾನ್ಯ ಸಂಪಾದಕರೇ,

ಕುಡಿದು ವಾಹನ ಓಡಿಸುವವರ ತಪಾಸಣೆ ಬಹುತೇಕ ರಾತ್ರಿಯೇ ನಡೆಯುತ್ತದೆ. ಆದರೆ ಬೆಳಕು ಹರಿದ ಮಾತ್ರಕ್ಕೆ ಅಮಲು ಇಳಿಯದು. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮದ್ಯಸಾರ. ಅದೇ 100 ಮಿ.ಲೀ. ರಕ್ತದಿಂದ ದೇಹ ಗಂಟೆಗೆ ಕರಗಿಸುವುದು ಸುಮಾರು 15 ಮಿ.ಗ್ರಾಂ. ಮಾತ್ರ. ನಡುರಾತ್ರಿ 150ಕ್ಕೆ ಏರಿದವನು ಬೆಳಿಗ್ಗೆ ಆರಕ್ಕೂ 60ರ ಆಸುಪಾಸಿನಲ್ಲಿರುತ್ತಾನೆ, ಅಂದರೆ ಮಿತಿಯ ಎರಡು ಪಟ್ಟು. ಕಾಫಿ, ಮಜ್ಜಿಗೆ, ತಣ್ಣೀರಿನ ಸ್ನಾನ ಯಾವುದೂ ಇದನ್ನು ಬೇಗ ಇಳಿಸುವುದಿಲ್ಲ. ಮಂಪರು ಹೋದಂತೆ ಅನ್ನಿಸುತ್ತದೆ, ಅಷ್ಟೆ. ಹಾಲಿನ ಟೆಂಪೊ, ಶಾಲಾ ವಾಹನಗಳು ರಸ್ತೆಗಿಳಿಯುವುದು, ಪೌರಕಾರ್ಮಿಕರು ಬೀದಿ ಗುಡಿಸುವುದು ಇದೇ ಹೊತ್ತಿನಲ್ಲಿ. ಬೆಳಿಗ್ಗೆ ಆರರಿಂದ ಎಂಟರವರೆಗೂ ತಪಾಸಣೆ ಆಗಲೇಬೇಕು.

ಬಂಧಿತ ಚಾಲಕನ ವೈದ್ಯಕೀಯ ಪರೀಕ್ಷೆ ಎರಡು ಗಂಟೆಯೊಳಗೆ ಆಗಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ತಡವಾದಷ್ಟೂ ಸಾಕ್ಷ್ಯ ಅವನ ರಕ್ತದಲ್ಲೇ ಕರಗಿಹೋಗುತ್ತದೆ. ಅಪಘಾತದಲ್ಲಿ ನೊಂದವರ ಕಡೆಯವರು ಠಾಣೆಯಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ.

ಇಂಥ ಅಪಘಾತದಲ್ಲಿ ಸತ್ತವರು ಕೂಲಿಯವರಾದರೆ ಆದಾಯಕ್ಕೆ ದಾಖಲೆ ಇರುವುದಿಲ್ಲ, ಪರಿಹಾರವೂ ಕುಗ್ಗುತ್ತದೆ. ಮೇಸ್ತ್ರಿಯ ಹಾಜರಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಸ್ವಸಹಾಯ ಸಂಘದ ಕಂತಿನ ಚೀಟಿಗಳನ್ನು ಮನೆಯವರು ಜೋಪಾನವಾಗಿಟ್ಟು ವಕೀಲರಿಗೆ ಕೊಡಲಿ. ಚಾಲಕ ಕುಡಿದಿದ್ದ ಎಂಬ ಕಾರಣಕ್ಕೆ ವಿಮೆ ಸಿಗುವುದಿಲ್ಲವೆಂದು ಎಷ್ಟೋ ಬಡವರು ಅರ್ಜಿಯನ್ನೇ ಹಾಕುವುದಿಲ್ಲ. ಅದು ತಪ್ಪು: ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ವಾಹನ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸಿದ ಪ್ರಕರಣಗಳಿವೆ.

— ಒಬ್ಬ ಓದುಗ