ಕಾಡಿನ ನಡುವೆ ಕಲ್ಲುಗೋಡೆ ಯಾಕೆ?

ಮ್ಯಾಸಚೂಸೆಟ್ಸ್‌ನ ಯಾವ ಕಾಡಿನಲ್ಲಿ ನಡೆದರೂ ಸ್ವಲ್ಪ ಹೊತ್ತಿಗೇ ಪಾಚಿ ಹಿಡಿದ ಕಲ್ಲುಗೋಡೆಯೊಂದು ಎದುರಾಗುತ್ತದೆ. ಗಾರೆ ಇಲ್ಲ, ಮಣ್ಣಿನ ಮೆತ್ತುಗೆಯೂ ಇಲ್ಲ, ಕಲ್ಲಿನ ಮೇಲೆ ಕಲ್ಲು ಪೇರಿಸಿದ್ದು ಅಷ್ಟೆ. ತೊಡೆಮಟ್ಟದ ಆ ಗೋಡೆ ಮರಗಳ ನಡುವೆ ನೆಟ್ಟಗೆ ಸಾಗಿ, ಇನ್ನೊಂದನ್ನು ಕೂಡಿ, ಮೂಲೆ ತಿರುಗಿ ಮುಂದೆ ಹೋಗುತ್ತದೆ. ಕಾಡಿಗೆ ಯಾರು ಕಾಂಪೌಂಡ್ ಹಾಕಿದ್ದು ಎಂದು ಮಕ್ಕಳು ಕೇಳುವುದು ಸಹಜ. ಗೋಡೆ ಕಟ್ಟಿದ ಕಾಲಕ್ಕೆ ಅಲ್ಲಿ ಕಾಡೇ ಇರಲಿಲ್ಲ. ಒಂದು ಬದಿಗೆ ಮೆಕ್ಕೆಜೋಳದ ಹೊಲ, ಇನ್ನೊಂದು ಬದಿಗೆ ಕುರಿ ಮೇಯುವ ಹುಲ್ಲುಗಾವಲು ಇತ್ತು.

ಬಾಸ್ಟನ್ ಸುತ್ತಿನ ನಮ್ಮ ಕನ್ನಡ ಕೂಟದವರ ಬೇಸಿಗೆಯ ತಿರುಗಾಟ ಹೆಚ್ಚಾಗಿ ಸಮುದ್ರತೀರಕ್ಕೋ ನ್ಯೂಹ್ಯಾಂಪ್‌ಶೈರ್‌ನ ಬೆಟ್ಟಗಳಿಗೋ ನಡೆಯುತ್ತದೆ. ಊರಿನಿಂದ ಬಂದ ಅಪ್ಪ-ಅಮ್ಮ, ಅತ್ತೆ-ಮಾವ ಬೆಟ್ಟದ ಬುಡದಲ್ಲಿ ಕಾರಿನಲ್ಲೇ ಕೂರುತ್ತಾರೆ, ಮಕ್ಕಳು ಅರ್ಧ ದಾರಿಯಲ್ಲಿ ರಾಗ ಎಳೆಯುತ್ತಾರೆ. ಈ ವರ್ಷ ಒಂದು ಶನಿವಾರವನ್ನಾದರೂ ಪೀಟರ್‌ಶ್ಯಾಮ್‌ನ ಹಾರ್ವರ್ಡ್ ಫಾರೆಸ್ಟ್‌ಗೆ ಮೀಸಲಿಡಿ ಎಂಬುದು ನಮ್ಮ ಸಲಹೆ. ಕಡಿದಾದ ಏರಿಲ್ಲ, ಜಲಪಾತವಿಲ್ಲ, ಫೋಟೊ ತೆಗೆಯುವ ಶಿಖರವೂ ಇಲ್ಲ. ಆದರೆ ಸಾಗುವಳಿಯ ನೆಲ ತಿರುಗಿ ಕಾಡಾದದ್ದನ್ನು ಹೆಜ್ಜೆಹೆಜ್ಜೆಗೂ ಓದಬಲ್ಲ ಇಂಥ ಜಾಗ ಸುತ್ತಮುತ್ತ ಇನ್ನೊಂದಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯ 1907ರಿಂದ ಇಲ್ಲಿ ಕಾಡಿನ ಅಧ್ಯಯನ ನಡೆಸುತ್ತಿದೆ. ಬಾಸ್ಟನ್‌ನಿಂದ ಸುಮಾರು 70 ಮೈಲಿ. ರೂಟ್ 2 ಹಿಡಿದು ಪಶ್ಚಿಮಕ್ಕೆ ಹೋಗಿ, ರೂಟ್ 32ರಲ್ಲಿ ದಕ್ಷಿಣಕ್ಕೆ ತಿರುಗಬೇಕು. ಶ್ರೂಸ್‌ಬರಿ, ವೆಸ್ಟ್‌ಬರೋ ಕಡೆಯವರಿಗೆ ಇನ್ನೂ ಹತ್ತಿರ.

ನಡಿಗೆಗೆ ಮುಂಚೆ ರಸ್ತೆ ಬದಿಯಲ್ಲೇ ಇರುವ ಫಿಶರ್ ಮ್ಯೂಸಿಯಂಗೆ ಹೋಗಿ. ವಾರಾಂತ್ಯದ ವೇಳೆ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹೊರಡುವ ಮುನ್ನ ಅವರ ಜಾಲತಾಣ ನೋಡಿಕೊಳ್ಳುವುದು ಒಳ್ಳೆಯದು. ಒಳಗೆ ಗಾಜಿನ ಹಿಂದೆ 23 ಪುಟ್ಟ ದೃಶ್ಯಮಾದರಿಗಳಿವೆ. ಅದರಲ್ಲಿ ಮೊದಲಿನ ಸಾಲನ್ನಂತೂ ಬಿಡಬೇಡಿ, ಅಲ್ಲಿ ಒಂದೇ ತುಂಡು ನೆಲದ ಚಿತ್ರ ಕಾಲಕಾಲಕ್ಕೆ ಬದಲಾಗುತ್ತದೆ. 1700ರಲ್ಲಿ ದಟ್ಟ ಕಾಡು. 1740ರಲ್ಲಿ ಮರ ಕಡಿದು ಗುಡಿಸಲು ಹಾಕಿದ ಒಂದು ಸಂಸಾರ. 1830ರಲ್ಲಿ ಕಣ್ಣು ಹಾಯಿಸಿದಷ್ಟೂ ಹೊಲ, ಗೋಡೆ, ದನ. 1850ಕ್ಕೆ ಮನೆ ಖಾಲಿ, ಹುಲ್ಲಿನ ನಡುವೆ ಪೈನ್ ಸಸಿಗಳು. 1910ಕ್ಕೆ ಅದೇ ಪೈನ್ ಬೆಳೆದು ಕೊಯ್ಲಿಗೆ ಬಂದಿದೆ. ತಾಮ್ರದ ತಂತಿ ಹೊಸೆದು ಮಾಡಿದ ಆ ಮರಗಳ ಕುಸುರಿಯನ್ನು ದಸರಾ ಗೊಂಬೆ ಕೂರಿಸುವ ಅಜ್ಜಿಯಂದಿರು ಗಂಟೆಗಟ್ಟಲೆ ನೋಡಿದರೆ ಆಶ್ಚರ್ಯವಿಲ್ಲ. ಇದನ್ನು ನೋಡದೆ ನೇರ ಕಾಡಿಗೆ ಇಳಿದರೆ ಕಾಣುವುದು ಬರೀ ಮರ.

ರೈತರು ಬಿಟ್ಟು ಹೋದದ್ದು ಯಾಕೆಂದರೆ ಲೆಕ್ಕ ಕೂಡಿಬರಲಿಲ್ಲ. ಹತ್ತೊಂಬತ್ತನೇ ಶತಮಾನದ ಮಧ್ಯಕ್ಕೆ ಈ ಭಾಗದ ನೆಲದಲ್ಲಿ ಶೇ. 60ರಿಂದ 80ರಷ್ಟು ಬಯಲಾಗಿತ್ತು. 1825ರಲ್ಲಿ ಪಶ್ಚಿಮದ ಸರಕಿಗೆ ಜಲದಾರಿಯಾದ ಈರಿ ಕಾಲುವೆ ತೆರೆಯಿತು, ಹಿಂದೆಯೇ ರೈಲು ಬಂತು. ಕಲ್ಲಿಲ್ಲದ, ಸಮತಟ್ಟಾದ ಪಶ್ಚಿಮದ ಹೊಲಗಳಿಂದ ಧಾನ್ಯ ಅಗ್ಗವಾಗಿ ಬರತೊಡಗಿದ ಮೇಲೆ ಇಲ್ಲಿನ ಕಲ್ಲುನೆಲದ ಬೇಸಾಯ ಕೈಕಚ್ಚಿತು. ಎಳೆಯರು ಗಿರಣಿ ಪಟ್ಟಣಗಳಿಗೋ ಪಶ್ಚಿಮಕ್ಕೋ ಹೊರಟರು. ನೆಲ ಬೀಳುಬಿತ್ತು.

ಇನ್ನು ಕಾಡಿನೊಳಗೆ. ಮೊದಲು ಸಿಗುವ ಗೋಡೆಯ ಹತ್ತಿರ ನಿಂತು ಕಲ್ಲಿನ ಗಾತ್ರ ನೋಡಿ. ದಪ್ಪ ಕಲ್ಲುಗಳ ಸಂದಿಯಲ್ಲಿ ಮುಷ್ಟಿಗಾತ್ರದ ಸಣ್ಣ ಕಲ್ಲು ಬೇಕಾದಷ್ಟು ತುಂಬಿದ್ದರೆ ಪಕ್ಕದಲ್ಲಿ ಉಳುಮೆಯ ಹೊಲವಿತ್ತು ಎಂದರ್ಥ. ಇಲ್ಲಿನ ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಹೂತಿದ್ದ ಕಲ್ಲು ವರ್ಷವರ್ಷ ಮೇಲಕ್ಕೆ ಬರುತ್ತದೆ. ನೇಗಿಲಿಗೆ ತಗಲುವ ಸಣ್ಣ ಕಲ್ಲನ್ನೂ ಹೆಕ್ಕಿ ಅಂಚಿಗೆ ಹಾಕಲೇಬೇಕಿತ್ತು. ಬರೀ ದೊಡ್ಡ ಕಲ್ಲುಗಳೇ ಇದ್ದರೆ ಅದು ಮೇವಿನ ಜಾಗ. ದನಕ್ಕೆ ಸಣ್ಣ ಕಲ್ಲಿನಿಂದ ಏನೂ ತೊಂದರೆಯಿಲ್ಲವಲ್ಲ, ಯಾರೂ ಹೆಕ್ಕಲಿಲ್ಲ. ಗೋಡೆಯ ಎರಡೂ ಬದಿಯ ನೆಲವನ್ನೂ ಹೋಲಿಸಿ: ಉತ್ತ ನೆಲ ನುಣ್ಣಗೆ, ಒಂದೇ ಮಟ್ಟದಲ್ಲಿರುತ್ತದೆ. ನೇಗಿಲು ಕಾಣದ ನೆಲದಲ್ಲಿ ಉಬ್ಬುತಗ್ಗು, ಅಲ್ಲಲ್ಲಿ ತಲೆಯೆತ್ತಿದ ಬಂಡೆ. ಇಷ್ಟು ಹೇಳಿಕೊಟ್ಟರೆ ಎಂಟು ವರ್ಷದ ಮಗು ಮುಂದಿನ ಗೋಡೆಯನ್ನು ತಾನೇ ಓದುತ್ತದೆ.

ಮುಂದಿನ ಪಾಠ ವೈಟ್ ಪೈನ್. ಒಂದೊಂದು ಗೊಂಚಲಿಗೆ ಐದು ಸೂಜಿ ಎಲೆ ಇದ್ದರೆ ಅದೇ. ಬಿಟ್ಟ ಹೊಲಕ್ಕೆ ಮೊದಲು ಬರುವುದು ಗೋಲ್ಡನ್‌ರಾಡ್, ಆಸ್ಟರ್, ಹಾಲುಗಳ್ಳಿಯಂತೆ ಹಾಲು ಸುರಿಸುವ ಮಿಲ್ಕ್‌ವೀಡ್. ಆಮೇಲೆ ಜೂನಿಪರ್, ಗ್ರೇ ಬರ್ಚ್ ಮತ್ತು ಈ ಪೈನ್. ಗಾಳಿಯಲ್ಲಿ ಹಾರಿ ಬಂದ ಬೀಜ ಹುಲ್ಲಿನ ನಡುವೆಯೂ ಮೊಳೆಯುತ್ತದೆ, ದನ ಅದರ ಸಸಿಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ಹಾಗಾಗಿ ರೈತ ಹೋಗುವ ಮೊದಲೇ ಅದು ಬಂದು ನಿಂತಿರುತ್ತಿತ್ತು. ಈ ಮರ ವರ್ಷಕ್ಕೆ ಒಂದು ಸುತ್ತು ಕೊಂಬೆ ಹಾಕುತ್ತದೆ. ದಾರಿಯಂಚಿನ ಎಳೆಯ ಪೈನ್ ಒಂದನ್ನು ಆರಿಸಿಕೊಂಡು ಬುಡದಿಂದ ಮೇಲಕ್ಕೆ ಸುತ್ತುಗಳನ್ನು ಎಣಿಸಿ, ಸಸಿಯಾಗಿದ್ದ ಕಾಲಕ್ಕೆ ಮೂರು-ನಾಲ್ಕು ಕೂಡಿಸಿ. ಮರದ ವಯಸ್ಸು ಹೆಚ್ಚುಕಡಿಮೆ ಸಿಕ್ಕಿತು. ಹಳೆಯ ಮರದಲ್ಲಿ ಕೆಳಗಿನ ಗುರುತುಗಳು ಮುಚ್ಚಿಹೋಗಿರುತ್ತವೆ, ಅಲ್ಲಿ ಈ ಲೆಕ್ಕ ತಪ್ಪುತ್ತದೆ.

ಎತ್ತರದ ಪೈನ್ ಒಂದು ನೆಟ್ಟಗೆ ಹೋಗದೆ ಆಳೆತ್ತರದಲ್ಲೇ ಮೂರು-ನಾಲ್ಕು ಕವಲಾಗಿದ್ದರೆ ಅದಕ್ಕೂ ಕಾರಣವಿದೆ. ವೀವಿಲ್ ಎಂಬ ಮೂತಿಹುಳ ಬಿಸಿಲಿನಲ್ಲಿ ಬೆಳೆಯುವ ಪೈನ್‌ನ ತುದಿಚಿಗುರಿನಲ್ಲಿ ಮೊಟ್ಟೆಯಿಡುತ್ತದೆ. ಮರಿ ಒಳಗಿಂದ ತಿಂದು ಚಿಗುರು ಸಾಯುತ್ತದೆ, ಪಕ್ಕದ ಕೊಂಬೆಗಳು ತಾವೇ ತುದಿಯಾಗಲು ಮೇಲೇಳುತ್ತವೆ. ನೆರಳಿನಲ್ಲಿ ಬೆಳೆದ ಪೈನ್‌ಗೆ ಈ ಕಾಟ ಕಡಿಮೆ. ಅಂದರೆ ಇವತ್ತು ಕತ್ತಲೆಗಟ್ಟಿದ ಕಾಡಿನೊಳಗೆ ನಿಂತಿರುವ ಆ ಕವಲುಮರ ಹುಟ್ಟಿದ್ದು ಬಯಲಿನಲ್ಲಿ.

ಹೊಲಗಳನ್ನು ಆವರಿಸಿದ ಈ ಪೈನ್‌ಗಳನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪೆಟ್ಟಿಗೆ ಹಲಗೆಗಾಗಿ ಕಡಿದರು. ಕಡಿದ ಪೈನ್ ಬುಡದಿಂದ ಮತ್ತೆ ಚಿಗುರುವುದಿಲ್ಲ. ಅದರ ನೆರಳಿನಲ್ಲಿ ಕಾದಿದ್ದ ಓಕ್, ರೆಡ್ ಮೇಪಲ್ ಚಿಗುರುತ್ತವೆ. ಒಂದೇ ಬುಡದಿಂದ ಎರಡು-ಮೂರು ಕಾಂಡ ಎದ್ದ ಓಕ್ ಕಂಡರೆ ಅಲ್ಲಿ ಹಿಂದೆ ಕೊಡಲಿ ಬಿದ್ದಿದೆ ಎಂದು ತಿಳಿಯಿರಿ. ಇನ್ನೊಂದು ಗುರುತು 1938ರ ಸೆಪ್ಟೆಂಬರ್ 21ರ ಚಂಡಮಾರುತದ್ದು. ಬೇರುಸಹಿತ ಉರುಳಿದ ಮರ ಕೊಳೆತು ಹೋಗಿದ್ದರೂ ಬೇರು ಕಿತ್ತ ಗುಂಡಿ, ಪಕ್ಕದಲ್ಲಿ ಮಣ್ಣು ಉದುರಿದ ದಿಬ್ಬ ಉಳಿದಿರುತ್ತವೆ. ಗುಂಡಿಯಲ್ಲಿ ನಿಂತು ದಿಬ್ಬದ ಕಡೆ ಮುಖ ಮಾಡಿದರೆ ಅದೇ ಮರ ಬಿದ್ದ ದಿಕ್ಕು. ಅಂದು ಗಾಳಿ ಬೀಸಿದ್ದು ಆಗ್ನೇಯದಿಂದ. ಫೋನಿನ ದಿಕ್ಸೂಚಿ ವಾಯವ್ಯ ತೋರಿಸಿದರೆ, ಅಂಥ ಗುಂಡಿಗಳು ಸುತ್ತ ಹಲವಿದ್ದರೆ, ಅವು ಬಹುಶಃ ಆ ಮಧ್ಯಾಹ್ನದವು.

ಮನೆಯ ತಳಪಾಯದ ಗುಂಡಿ ಸಿಕ್ಕಿದರೆ ಅಂಚಿನಲ್ಲೇ ನಿಂತು ನೋಡಿ. ಸುತ್ತ ಲೈಲಾಕ್ ಪೊದೆಯೋ ಮುದಿ ಸೇಬಿನ ಮರವೋ ಇದ್ದರೆ ಅದು ಅಂಗಳ. ಅಂಗಳ ಇದ್ದಲ್ಲಿ ಬಾವಿ ಇರುತ್ತದೆ, ಬಾಯಿಗೆ ಮುಚ್ಚಿದ ಹಲಗೆ ಎಲೆಯಡಿಯಲ್ಲಿ ಲಡ್ಡಾಗಿರಬಹುದು. ಇಂಥ ಕಡೆ ಮಕ್ಕಳ ಕೈ ಬಿಡಬೇಡಿ, ದಾರಿ ಬಿಟ್ಟು ಓಡಲೂ ಬಿಡಬೇಡಿ.

ಗೋಡೆ ಹತ್ತಿಸುವುದೂ ಬೇಡ. ಕಲ್ಲು ಸಡಿಲ ಎಂಬುದು ಒಂದು ಕಾರಣ, ಪಾಯ್ಸನ್ ಐವಿ ಇನ್ನೊಂದು. ಈ ಬಳ್ಳಿಗೆ ಕಲ್ಲುಗೋಡೆಯೆಂದರೆ ಪ್ರೀತಿ. ಮೂರೆಲೆ, ನಡುವಿನದಕ್ಕೆ ಉದ್ದ ತೊಟ್ಟು, ಮರಕ್ಕೆ ಹತ್ತಿದ್ದರೆ ಕಾಂಡದ ತುಂಬ ಕೂದಲಿನಂಥ ಬೇರು. ಎಲೆ ಉದುರಿದ ಕಾಲದಲ್ಲೂ ಕಾಂಡ ಮುಟ್ಟಿದರೆ ಬೊಕ್ಕೆ ಬರುತ್ತದೆ. ಮಲೆನಾಡಿನವರಿಗೆ ಇದು ಹೊಸದಲ್ಲ: ಮಾವು, ಗೇರು, ಕೇರುಬೀಜದ ಮರ, ಹೊಳಗೇರು ಎಲ್ಲ ಇದೇ ಸಸ್ಯಕುಟುಂಬದವು. ಮಾವಿನ ಸೊನೆ ತಾಗಿ ತುಟಿ ಸುಡಿಸಿಕೊಳ್ಳುವವರು ಇಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು. ತಾಗಿತೆಂದು ಗೊತ್ತಾದ ಕೂಡಲೇ ಸೋಪು ಹಚ್ಚಿ ತಣ್ಣೀರಿನಲ್ಲಿ ತೊಳೆಯಿರಿ. ತಡವಾದಷ್ಟೂ ಪ್ರಯೋಜನ ಕಡಿಮೆ. ಬೂಟಿನ ಲೇಸಿಗೆ ಅಂಟಿದ ಎಣ್ಣೆ ಮರುವಾರವೂ ಕೈಗೆ ತಾಗೀತು.

ಉಣ್ಣಿಯ ಮಾತು ಹೇಳದೆ ಯಾರನ್ನೂ ಕಳಿಸುವಂತಿಲ್ಲ. ಬಿಟ್ಟ ಹೊಲದ ಹುಲ್ಲು, ಪೊದೆ, ಅದರಲ್ಲೂ ಜಪಾನೀ ಬಾರ್‌ಬೆರಿಯ ಮುಳ್ಳುಪೊದೆ ಉಣ್ಣಿಗೆ ಹೇಳಿಮಾಡಿಸಿದ ಮನೆ. ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯಂತೆ ಇಲ್ಲಿನ ಲೈಮ್ ಕಾಯಿಲೆಯೂ ಉಣ್ಣಿಯಿಂದಲೇ. ಅಲ್ಲಿ ವೈರಸ್, ಇಲ್ಲಿ ಬ್ಯಾಕ್ಟೀರಿಯಾ. ಎರಡರಲ್ಲೂ ಹೆಚ್ಚು ಅಪಾಯ ಕಣ್ಣಿಗೆ ಬೀಳದಷ್ಟು ಸಣ್ಣ ಮರಿಯುಣ್ಣಿಯದು. ಇಲ್ಲಿ ಅದರ ಕಾಲ ಮೇನಿಂದ ಜುಲೈ, ದೊಡ್ಡ ಉಣ್ಣಿಯದು ಅಕ್ಟೋಬರ್-ನವೆಂಬರ್‌ನಲ್ಲಿ ಜೋರು. ತಿಳಿಬಣ್ಣದ ಪ್ಯಾಂಟ್ ಹಾಕಿ, ಅದರ ಅಂಚನ್ನು ಸಾಕ್ಸ್ ಒಳಗೆ ತುರುಕಿ. ನೆಲ ಗುಡಿಸುವ ಸೀರೆ, ದುಪಟ್ಟಾ ಈ ದಿನಕ್ಕೆ ಬೇಡ, ಅಮ್ಮಂದಿರಿಗೂ ಸ್ಪಷ್ಟವಾಗಿ ಹೇಳಿಬಿಡಿ. ಬಟ್ಟೆಗೆ ಶೇ. 0.5ರ ಪರ್ಮೆತ್ರಿನ್ ಕೀಟನಾಶಕ ಸಿಂಪಡಿಸುವುದಾದರೆ ಹಿಂದಿನ ದಿನವೇ ಹೊರಗೆ ಸಿಂಪಡಿಸಿ ಪೂರ್ತಿ ಒಣಗಿಸಿ. ಚರ್ಮಕ್ಕೆ ಅದು ಸಲ್ಲ, ಒದ್ದೆಯಿದ್ದಾಗ ಬೆಕ್ಕಿಗೆ ವಿಷ. ಚರ್ಮಕ್ಕೆ ಡೀಟ್ ಅಥವಾ ಪಿಕಾರಿಡಿನ್ ಇರುವ, ಉಣ್ಣಿಯನ್ನು ದೂರವಿಡುವ ಲೇಪ (ರಿಪೆಲೆಂಟ್) ಬಳಸಿ. ನೀಲಗಿರಿ-ನಿಂಬೆ ಎಣ್ಣೆಯ ರಿಪೆಲೆಂಟ್ ಮೂರು ವರ್ಷದೊಳಗಿನ ಮಕ್ಕಳಿಗೆ ಬೇಡ.

ಮನೆಗೆ ಬಂದವರು ಬಟ್ಟೆಯನ್ನು ಒಗೆಯುವ ಮೊದಲೇ ಡ್ರೈಯರ್‌ಗೆ ಹಾಕಿ ಹೆಚ್ಚಿನ ಶಾಖದಲ್ಲಿ ಹತ್ತು ನಿಮಿಷ ತಿರುಗಿಸಿ. ಮೊದಲು ಒಗೆಯುವುದೇ ಎಲ್ಲರೂ ಮಾಡುವ ತಪ್ಪು, ಉಣ್ಣಿ ತಣ್ಣೀರಿಗೂ ಉಗುರುಬೆಚ್ಚಗಿನ ನೀರಿಗೂ ಸಾಯುವುದಿಲ್ಲ, ಒಣ ಶಾಖಕ್ಕೆ ಸಾಯುತ್ತದೆ. ಎರಡು ಗಂಟೆಯೊಳಗೆ ಸ್ನಾನ ಮಾಡಿ ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ, ಕೂದಲ ಬುಡ ನೋಡಿ. ಕಚ್ಚಿಕೊಂಡಿದ್ದರೆ ಚೂಪುತುದಿಯ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ, ಸುಣ್ಣ ಇವ್ಯಾವುವೂ ಬೇಡ. ಯಾವಾಗ ಕಚ್ಚಿತೆಂದು ಬರೆದಿಟ್ಟುಕೊಂಡು ವೈದ್ಯರಿಗೆ ಬೇಗ ತಿಳಿಸಿ, ತಡೆಮದ್ದು ಕೊಡುವುದಿದ್ದರೆ ಕಿತ್ತ 72 ಗಂಟೆಯೊಳಗೆ ಕೊಡುತ್ತಾರೆ. ಮುಂದಿನ ಮೂವತ್ತು ದಿನ ಜ್ವರ ಅಥವಾ ಹರಡುವ ಕೆಂಪು ಮಚ್ಚೆಗೆ ಕಣ್ಣಿಟ್ಟಿರಿ.

ಹೋಗುವ ಕಾಲದ ಬಗ್ಗೆ: ಗೋಡೆ ಚೆನ್ನಾಗಿ ಕಾಣುವುದು ಏಪ್ರಿಲ್ ಕೊನೆ, ಎಲೆ ಬಿಡುವ ಮೊದಲು. ಅದಕ್ಕೂ ಮುಂಚೆ ಹಿಮ ಕರಗಿದ ಕೆಸರು, ಮೇ ನಡುವೆ ಕಪ್ಪುನೊಣ. ಅಕ್ಟೋಬರ್ ಕೊನೆಯೂ ಚೆಂದ, ಆದರೆ ಜಿಂಕೆ ಬೇಟೆಯ ಕಾಲ ಶುರುವಾಗಿರುತ್ತದೆ, ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ ಅಥವಾ ಟೋಪಿ ಇರಲಿ. ಥ್ಯಾಂಕ್ಸ್‌ಗಿವಿಂಗ್ ನಂತರದ ಸೋಮವಾರದಿಂದ ಎರಡು ವಾರ ಶಾಟ್‌ಗನ್ ಬೇಟೆ, ಆಗ ಹೋಗಲೇಬೇಡಿ.

ಚಿಕ್ಕ ಮಕ್ಕಳಿದ್ದರೆ ಮೈಲಿಗೆ ಒಂದು ಗಂಟೆ ಎಂದು ಲೆಕ್ಕ ಹಾಕಿ, ಹೋಗಿಬರುವುದು ಎರಡು ಮೈಲಿ ಮೀರದಿರಲಿ. ಹಳೆಯ ಗಾಡಿದಾರಿಗಳಲ್ಲಿ ದೊಡ್ಡ ಗಾಲಿಯ ಸ್ಟ್ರಾಲರ್ ಓಡುತ್ತದೆ, ಚಿಕ್ಕ ಗಾಲಿಯದು ಬೇರಿಗೆ ಸಿಕ್ಕಿಕೊಳ್ಳುತ್ತದೆ. ಹಿರಿಯರಿಗೆ ಚಪ್ಪಲಿ ಸಾಲದು, ಹಿಮ್ಮಡಿ ಕಟ್ಟುವ ಬೂಟು ಕೊಡಿಸಿ. ಫೋನ್ ಸಿಗ್ನಲ್ ನಂಬಬೇಡಿ, ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಬುತ್ತಿಗೆ ಪುಳಿಯೋಗರೆ, ಚಪಾತಿ-ಚಟ್ನಿಪುಡಿ ಕ್ಷೇಮ. ಕಾರಿನ ಬಿಸಿಗೆ ಮೊಸರನ್ನ ಹುಳಿಯುತ್ತದೆ, ಐಸ್ ಡಬ್ಬಿಯಿಲ್ಲದೆ ಒಯ್ಯಬೇಡಿ. ತಟ್ಟೆ, ಸಿಪ್ಪೆ ಎಲ್ಲ ಮರಳಿ ಕಾರಿಗೇ ಬರಬೇಕು.

ಪೀಟರ್‌ಶ್ಯಾಮ್ ದೂರವಾಯಿತು ಎನ್ನುವವರಿಗೆ ಕಾರ್ಲೈಲ್‌ನ ಗ್ರೇಟ್ ಬ್ರೂಕ್ ಫಾರ್ಮ್ ಸ್ಟೇಟ್ ಪಾರ್ಕ್ ಇದೆ. ಅಲ್ಲಿ ಈಗಲೂ ಹೈನುಗಾರಿಕೆ ನಡೆಯುತ್ತದೆ, ಹೊಲ ಉಳಿದಲ್ಲಿ ಹೊಲ, ಬಿಟ್ಟಲ್ಲಿ ಕಾಡು, ಎರಡನ್ನೂ ಒಂದೇ ನಡಿಗೆಯಲ್ಲಿ ಹೋಲಿಸಬಹುದು. ಬೇಸಿಗೆಯಲ್ಲಿ ಐಸ್‌ಕ್ರೀಂ ಅಂಗಡಿಯೂ ತೆರೆದಿರುತ್ತದೆ. ಅದನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ, ನಡಿಗೆ ಅಂಗಡಿಯ ಮುಂದೆಯೇ ಮುಗಿಯುತ್ತದೆ.