ಕೊಬ್ಬು ಕರಗುವುದಲ್ಲ, ಉರಿಯುವುದು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪತ್ರಿಕೆಯಲ್ಲಿ ‘7 ದಿನದಲ್ಲಿ 5 ಕೆಜಿ ಕೊಬ್ಬು ಕರಗಿಸಿ’ ಅನ್ನೋ ಜಾಹೀರಾತು ನೋಡಿದೆ. ಕಾಲು ಪುಟ ಇತ್ತು. ನೋಡಿ ನಿಜಕ್ಕೂ ಸಿಟ್ಟು ಬಂತು, ಯಾಕೆಂದರೆ ಇಂಥದ್ದೇ ಮಾತು ನಂಬಿ ನನ್ನ ತಂಗಿ ಇಲ್ಲಿ ಪುಣೆಯ ಒಂದು ಸ್ಲಿಮ್ಮಿಂಗ್ ಸೆಂಟರ್‌ಗೆ 18 ಸಾವಿರ ರೂಪಾಯಿ ಕಟ್ಟಿದ್ದಾಳೆ.

ಅಲ್ಲಿ ಅವಳಿಗೆ ಹೊಟ್ಟೆಗೆ ಸುತ್ತಿಕೊಳ್ಳುವ ರಬ್ಬರ್ ಬೆಲ್ಟ್ ಕೊಟ್ಟರು. ಬೆವರಿದಷ್ಟೂ ಕೊಬ್ಬು ಕರಗುತ್ತದೆ ಅಂದರು. ಮೇ ತಿಂಗಳಲ್ಲಿ ಅದನ್ನು ಬಿಗಿದುಕೊಂಡು ವೇತಾಳ ಟೇಕಡಿ ಗುಡ್ಡ ಹತ್ತಿ ಇಳಿದು ಮನೆಗೆ ಬಂದಳು. ಬೆಲ್ಟ್ ಬಿಚ್ಚಿದಾಗ ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರು ಸುರಿಯಿತು. ಸೊಂಟದ ಸುತ್ತ ಕೆಂಪಗೆ ಬರೆ ಎದ್ದಿತ್ತು. ತೂಕ ನೋಡಿದರೆ 900 ಗ್ರಾಂ ಕಡಿಮೆ! ಎಷ್ಟು ಖುಷಿಪಟ್ಟಳು ಅಂತೀರಿ. ಆಮೇಲೆ ಎರಡು ಲೋಟ ಮಜ್ಜಿಗೆ, ಊಟ, ನೀರು. ಮರುದಿನ ಬೆಳಿಗ್ಗೆ ಮುಳ್ಳು ಹಳೇ ಜಾಗದಲ್ಲೇ ನಿಂತಿತ್ತು. ‘ನನ್ನ ಮೈಯೇ ಸರಿ ಇಲ್ಲ ಅಕ್ಕಾ’ ಅಂತ ಅತ್ತಳು.

ಅವಳ ಮೈ ಸರಿಯಾಗೇ ಇದೆ. ಹೇಳಿಕೊಟ್ಟ ಮಾತು ತಪ್ಪು. ಹೋದದ್ದು ಬೆವರಿನ ನೀರು, ಕೊಬ್ಬಲ್ಲ. ಜೂನಿಯರ್ ಕಾಲೇಜಿನಲ್ಲಿ 22 ವರ್ಷ ಜೀವಶಾಸ್ತ್ರ ಕಲಿಸಿದವಳು ನಾನು, ಅದಕ್ಕೇ ಸುಮ್ನೆ ಇರಲು ಆಗುತ್ತಿಲ್ಲ.

ಎಲ್ಲಾ ಗೊಂದಲಕ್ಕೂ ಮೂಲ ಈ ‘ಕರಗಿಸು’ ಅನ್ನುವ ಪದ. ಕಾಲು ಕೆಜಿ ಗಟ್ಟಿ ತುಪ್ಪ ಕರಗಿಸಿ, ಕಾಲು ಕೆಜಿ ತುಪ್ಪವೇ ಇರುತ್ತದೆ. ಅದೇ ತುಪ್ಪ ಒಂದಿಷ್ಟು ಹಣತೆಗೆ ಸುರಿದು ಬತ್ತಿ ಹಾಕಿ ದೀಪ ಹಚ್ಚಿ, ಬೆಳಗಾಗುವಷ್ಟರಲ್ಲಿ ಹಣತೆ ಖಾಲಿ. ಎಲ್ಲಿಗೆ ಹೋಯಿತು? ಗಾಳಿಯ ಜೊತೆ ಸೇರಿ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿಯಾಗಿ ಹೋಯಿತು. ಮೈಯ ಕೊಬ್ಬಿಗೆ ಆಗುವುದೂ ಇದೇ, ಬೆಂಕಿ ಮಾತ್ರ ಇಲ್ಲ.

ಊಟ ಮಾಡಿದಾಗ ರಕ್ತದಲ್ಲಿ ಇನ್ಸುಲಿನ್ ಅನ್ನುವ ಹಾರ್ಮೋನು ಏರುತ್ತದೆ, ಜಾಸ್ತಿಯಾದದ್ದನ್ನು ಕೊಬ್ಬಿನ ಕೋಶಗಳು ಒಳಗೆ ಎಳೆದುಕೊಂಡು ಉಬ್ಬುತ್ತವೆ. ಹೊಟ್ಟೆಗೆ ಬಿಡುವು ಕೊಟ್ಟು ನಡೆದಾಡಿದಾಗ ಇನ್ಸುಲಿನ್ ಇಳಿಯುತ್ತದೆ, ಅಡ್ರಿನಲಿನ್ ಅನ್ನುವ ಇನ್ನೊಂದು ಹಾರ್ಮೋನು ಏರುತ್ತದೆ. ಆಗ ಕೋಶದೊಳಗಿನ ಕಿಣ್ವಗಳು ಕೊಬ್ಬನ್ನು ಕತ್ತರಿಸಿ ಒಂದು ಗ್ಲಿಸರಾಲ್, ಮೂರು ಫ್ಯಾಟಿ ಆಸಿಡ್ ಮಾಡಿ ರಕ್ತಕ್ಕೆ ಬಿಡುತ್ತವೆ. ಅವು ಸ್ನಾಯುಗಳಿಗೆ ಹೋಗಿ ಆಮ್ಲಜನಕದ ಜೊತೆ ಉರಿಯುತ್ತವೆ. ಹೊಟ್ಟೆಗೆ ಬೆಲ್ಟ್ ಕಟ್ಟಿದ ಮಾತ್ರಕ್ಕೆ ಹೊಟ್ಟೆಯ ಕೊಬ್ಬೇ ಹೊರಬರುವುದಿಲ್ಲ. ಖಾಲಿಯಾದ ಕೋಶ ಕುಗ್ಗುತ್ತದೆ ಅಷ್ಟೆ, ಮಾಯವಾಗುವುದಿಲ್ಲ. ಮತ್ತೆ ಜಾಸ್ತಿ ತಿಂದರೆ ಮತ್ತೆ ತುಂಬುತ್ತದೆ.

ಇದರ ಲೆಕ್ಕವನ್ನು ವಿಜ್ಞಾನಿಗಳಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕೊಟ್ಟಿದ್ದಾರೆ. 10 ಕೆಜಿ ಕೊಬ್ಬು ಉರಿದರೆ 8.4 ಕೆಜಿ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಆಗಿ ಹೊರಗೆ ಹೋಗುತ್ತದೆ, ಉಳಿದ 1.6 ಕೆಜಿ ನೀರಾಗುತ್ತದೆ. ಹಾಗಂತ ಜೋರಾಗಿ ಉಸಿರೆಳೆದು ಬಿಟ್ಟರೆ ಸಣ್ಣಗಾಗುವುದಿಲ್ಲ, ಮೈ ಕೆಲಸ ಮಾಡಬೇಕು.

ಈಗ ಜಾಹೀರಾತಿನ ಮಾತಿಗೆ ಬನ್ನಿ. ಮೈಯ 1 ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ. 5 ಕೆಜಿಗೆ 38,500, ಅಂದರೆ ದಿನಕ್ಕೆ 5,500. ನನ್ನ ತಂಗಿಯಂಥವರ ಮೈ ಇಡೀ ದಿನಕ್ಕೆ ಖರ್ಚು ಮಾಡುವುದೇ 2,000ದ ಆಸುಪಾಸು! ವಾರವಿಡೀ ಬರೀ ನೀರು ಕುಡಿದುಕೊಂಡಿದ್ದರೂ ಹೋಗುವ ಕೊಬ್ಬು 2 ಕೆಜಿ ದಾಟುವುದಿಲ್ಲ. ಹಾಗಾದರೆ ಮೊದಲ ವಾರ ತೂಕ ಅಷ್ಟು ಇಳಿಯುವುದು ಹೇಗೆ? ಯಕೃತ್ತು, ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ, ಒಂದೊಂದು ಗ್ರಾಂ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಊಟ ಬಿಟ್ಟರೆ ಮೊದಲು ಖಾಲಿಯಾಗುವುದು ಅದು. ಅದರ ಜೊತೆಗೆ ನೀರೂ ಹೋಗುತ್ತದೆ, ಅದನ್ನೇ ಕೊಬ್ಬು ಅಂತ ತೋರಿಸಿ ದುಡ್ಡು ಎಣಿಸಿಕೊಳ್ಳುತ್ತಾರೆ.

ತೂಕದ ಯಂತ್ರ ಒಂದನ್ನೇ ನಂಬಬಾರದು ಅನ್ನುವುದಕ್ಕೆ ನಮ್ಮ ಪುಣೆಯಲ್ಲೇ ಸಾಕ್ಷಿ ಇದೆ. ಇಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯಡ್ಕಿನ್ ತಮ್ಮದೇ ಅಳತೆಯನ್ನು 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಫೋಟೋ ಸಮೇತ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತೂಕವನ್ನು ಹೋಲಿಸುವ ಅಳತೆ, 22.3. ಆದರೆ ಮೈಯಲ್ಲಿ ಕೊಬ್ಬು ಯಡ್ಕಿನ್ ಅವರಿಗೆ ಶೇ 9.1, ಯಾಜ್ಞಿಕ್ ಅವರಿಗೆ ಶೇ 21.2. ತೆಳ್ಳಗೆ ಕಾಣುವ ನಮ್ಮವರಿಗೂ ಸಕ್ಕರೆ ಕಾಯಿಲೆ ಬರುತ್ತದಲ್ವಾ, ಒಳಗೆ ಅಡಗಿದ ಈ ಕೊಬ್ಬು ಅದಕ್ಕೆ ಒಂದು ಕಾರಣ. ಅಂಥವರು ಬೆವರಿನ ಲೆಕ್ಕ ನಂಬಿ ಕೂತರೆ ಏನು ಗತಿ?

ಜಾಹೀರಾತಿಲ್ಲದೆ ಪತ್ರಿಕೆ ನಡೆಯುವುದಿಲ್ಲ, ಗೊತ್ತು. ಆದರೂ ದಿನಕ್ಕೆ ಇಷ್ಟು ಕೆಜಿ ಅಂತ ಬರೆದುಕೊಂಡು ಬರುವವರನ್ನು ‘ಇಳಿಯುವುದು ಕೊಬ್ಬೋ ನೀರೋ’ ಅಂತ ಒಂದು ಮಾತು ಕೇಳಿ, ಆಮೇಲೆ ಅಚ್ಚು ಹಾಕಿ. ಬೇಕಾದರೆ ಭಾನುವಾರದ ಪುರವಣಿಗೆ ಈ ವಿಷಯವನ್ನು ಇನ್ನೂ ಬಿಡಿಸಿ, ಚಿತ್ರ ಸಮೇತ ನಾನೇ ಬರೆದು ಕೊಡುತ್ತೇನೆ.

ನಿಮ್ಮ ಓದುಗರಲ್ಲೊಬ್ಬಳು,
ಕೋಥ್ರೂಡ್, ಪುಣೆ